ಮಕ್ಕಳ ರಕ್ಷಣಾ ಸಿಬ್ಬಂದಿಯ ಬೇಡಿಕೆ ಪತ್ರ: ಮೊದಲ ಸಾಲಿನಲ್ಲಿ ಏನಿರಬೇಕು?

ಎಡದಂಡೆ
ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಸಹಾಯವಾಣಿ, ಬಾಲಮಂದಿರ ಹಾಗೂ ವೀಕ್ಷಣಾಲಯಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿರುವ ಎಲ್ಲರಿಗೂ ನಮಸ್ಕಾರ. ಸರ್ಕಾರಕ್ಕೆ ಕೊಡಬೇಕಾದ ಬೇಡಿಕೆ ಪತ್ರದ ಕರಡು ಬರೆಯುವ ಮೊದಲು ನಮ್ಮ ಸಂಘ ಸದಸ್ಯರ ಅಭಿಪ್ರಾಯ ಕೇಳುತ್ತಿದೆ. ಸಂಘದ ನಮೂನೆ ಬಹುತೇಕರಿಗೆ ತಲುಪಿದೆ. ಆದರೆ ನಮೂನೆಯಲ್ಲಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವುದರಿಂದ ವಿಷಯ ತೀರುವುದಿಲ್ಲ, ಆದ್ದರಿಂದ ಇಲ್ಲಿ ಬಿಚ್ಚಿ ಮಾತನಾಡೋಣ.

ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ವೇತನ ಮತ್ತು ಸೇವಾ ಭದ್ರತೆ ಮೊದಲಿರಲಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ಕೆಲವರು ಹೇಳಿದರು. ರಾತ್ರಿ ಕರೆ, ವಾಹನ, ಒಬ್ಬೊಬ್ಬರ ಮೇಲಿರುವ ಪ್ರಕರಣಗಳ ಹೊರೆ ಇವು ಮೊದಲಿರಬೇಕು ಎಂದು ಇನ್ನು ಕೆಲವರು ವಾದಿಸಿದರು. ನಾನು ಎರಡನೆಯವರ ಕಡೆಗಿದ್ದೇನೆ. ವೇತನ ಕಡಿಮೆಯಾದರೆ ನಮಗೆ ನಷ್ಟ, ನಿಜ. ಒಬ್ಬರೇ ಕಾರ್ಯಕರ್ತೆ ಎರಡು ತಾಲ್ಲೂಕು ನೋಡಿಕೊಳ್ಳುವಾಗ ಆಗುವ ನಷ್ಟ ನೇರವಾಗಿ ಮಗುವಿನದು, ಮತ್ತು ಅದು ಯಾವ ಕಡತದಲ್ಲೂ ನಷ್ಟ ಎಂದು ದಾಖಲಾಗುವುದಿಲ್ಲ.

ಒಂದು ವಿನಂತಿ. ಯಾವ ಮಗುವಿನ ಹೆಸರು, ಊರು, ಶಾಲೆ, ಪ್ರಕರಣದ ವಿವರವನ್ನೂ ಇಲ್ಲಿ ಬರೆಯಬೇಡಿ. ಕಚೇರಿಯ ಹೆಸರೂ ಬೇಡ. ಬೇಡಿಕೆ ಏನು, ಅದು ಏಕೆ ಬೇಕು ಎಂಬುದು ಸಾಕು.

ಬಿಳಿಜೋಳ
ಎಡದಂಡೆ ಅವರೇ, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಕ್ರಮವನ್ನು ಒಪ್ಪುವುದಿಲ್ಲ. ನಮ್ಮ ಹುದ್ದೆಗಳಿರುವ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಕ್ಷೇತ್ರ ಕಾರ್ಯಕರ್ತರಿಗೆ ನಿಗದಿಯಾದದ್ದು ತಿಂಗಳಿಗೆ 10,592 ರೂಪಾಯಿ. ಆಪ್ತಸಮಾಲೋಚಕರಿಗೂ ಸಮಾಜ ಕಾರ್ಯಕರ್ತರಿಗೂ 18,536. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಹುಡುಗಿ ಈ ಹಣದಲ್ಲಿ ಮನೆ ಬಾಡಿಗೆ ಕಟ್ಟಿ, ತನ್ನ ದ್ವಿಚಕ್ರ ವಾಹನಕ್ಕೆ ಪೆಟ್ರೋಲು ಹಾಕಿಸಿ, ತನ್ನ ಫೋನಿಗೆ ರೀಚಾರ್ಜ್ ಮಾಡಿಸಿ ಸರ್ಕಾರದ ಕೆಲಸ ಮಾಡಬೇಕು. ಅದೂ ತಿಂಗಳ ಕೊನೆಗೆ ಕೈಸೇರುತ್ತದೆ ಎಂಬ ಭರವಸೆಯಿಲ್ಲ. ಯೋಜನೆಯ ಹಣದಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ ಪಾಲು ಶೇಕಡಾ 40 ಎರಡೂ ಬಿಡುಗಡೆಯಾಗಿ, ಖಜಾನೆ ದಾಟಿ ಬರುವಷ್ಟರಲ್ಲಿ ಕಿರಾಣಿ ಅಂಗಡಿಯ ಉದ್ರಿ ಬೆಳೆದಿರುತ್ತದೆ.

ಅನುಭವ ಪಡೆದವರು ಏಕೆ ಬಿಟ್ಟು ಹೋಗುತ್ತಿದ್ದಾರೆ ಎಂದು ಕೇಳಿ ನೋಡಿ. ವಾಹನವಿಲ್ಲವೆಂದು ಯಾರೂ ಬಿಟ್ಟಿಲ್ಲ, ಸಂಬಳ ಸಾಲದೆ ಬಿಟ್ಟಿದ್ದಾರೆ. ಮಗುವಿನ ನಂಬಿಕೆ ಗಳಿಸಿದವರು ಹೊರಟುಹೋದರೆ ಆ ಮಗು ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ. ವೇತನದ ನಷ್ಟ ನಮ್ಮದು ಮಾತ್ರ ಎಂಬ ನಿಮ್ಮ ಮಾತು ಇಲ್ಲಿ ನಿಲ್ಲುವುದಿಲ್ಲ.

ಸೋನಾಮಸೂರಿ
ಬಿಳಿಜೋಳ ಅವರ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಕಲ್ಲುಕೋಟೆ
ನಾನು ವಕೀಲಿ ವೃತ್ತಿಯಲ್ಲಿದ್ದೇನೆ, ಸಂಘದ ಸದಸ್ಯನಲ್ಲ. ಸೇವಾ ಭದ್ರತೆಯ ಬಗ್ಗೆ ಸಭೆಗಳಲ್ಲಿ ಬಹಳ ಸುಲಭವಾದ ಭರವಸೆ ಕೊಡುತ್ತಿರುವುದನ್ನು ಕೇಳಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಕರ್ನಾಟಕ ರಾಜ್ಯ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ನೀಡಿದ ತೀರ್ಪು ಇಂದಿಗೂ ಎದುರಿಗಿದೆ. ಕ್ರಮಬದ್ಧ ನೇಮಕಾತಿಯ ಮೂಲಕ ಬಾರದ ತಾತ್ಕಾಲಿಕ ನೌಕರರಿಗೆ ಕಾಯಮಾತಿ ಕೇಳುವ ಹಕ್ಕಿಲ್ಲ ಎಂಬುದು ಅದರ ಸಾರ. ಆ ತೀರ್ಪನ್ನೇ ಗುರಾಣಿಯಾಗಿ ಹಿಡಿದು, ವರ್ಷಗಟ್ಟಲೆ ನಿರಂತರ ಸ್ವರೂಪದ ಅಗತ್ಯ ಕೆಲಸ ಮಾಡಿದವರನ್ನು ಹೊರಗಿಡಬಾರದು ಎಂದು 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ಸಮಾನ ಕೆಲಸಕ್ಕೆ ಸಮಾನ ವೇತನದ ವಿಷಯದಲ್ಲಿ 2016ರ ಜಗಜಿತ್ ಸಿಂಗ್ ತೀರ್ಪು ತಾತ್ಕಾಲಿಕ ನೌಕರರ ಪರವಾಗಿದೆ. ಆದರೆ ಅಲ್ಲಿ ಅದೇ ಕೆಲಸ ಮಾಡುವ ಕಾಯಂ ನೌಕರರೊಡನೆ ಹೋಲಿಕೆ ಸಾಧ್ಯವಿತ್ತು. ನಿಮ್ಮ ಘಟಕದಲ್ಲಿ ಕ್ಷೇತ್ರ ಕಾರ್ಯಕರ್ತೆಯ ಕೆಲಸವನ್ನೇ ಮಾಡುವ ಕಾಯಂ ಹುದ್ದೆ ಯಾವುದಿದೆ? ಹುದ್ದೆಯೇ ಯೋಜನೆಯದು, ಯೋಜನೆ ಇರುವವರೆಗೆ ಮಾತ್ರ ಇರುವಂಥದು.

ಹಾಗೆಂದು ಕೈಬಿಡಿ ಎನ್ನುತ್ತಿಲ್ಲ. ಕಾಯಮಾತಿ ಎಂಬ ಒಂದೇ ಪದ ಬರೆದು ಬಿಡುವ ಬದಲು, ಗುತ್ತಿಗೆ ನವೀಕರಣದ ನಡುವೆ ಒಂದು ದಿನದ ವಿರಾಮ ಕೊಡುವ ಪದ್ಧತಿ ನಿಲ್ಲಲಿ, ಲಿಖಿತ ಕಾರಣ ಹಾಗೂ ವಿಚಾರಣೆ ಇಲ್ಲದೆ ಯಾರನ್ನೂ ಬಿಡುಗಡೆ ಮಾಡಬಾರದು, ಮುಂದೆ ಕಾಯಂ ಹುದ್ದೆ ತುಂಬುವಾಗ ಸೇವಾ ಅನುಭವಕ್ಕೆ ಅಂಕ ಇರಲಿ ಎಂದು ಬರೆಯಿರಿ. ಇವು ಆಡಳಿತ ಆದೇಶದಿಂದಲೇ ಆಗಬಹುದಾದ ಕೆಲಸಗಳು.

ಗವಿಮಠದ ದಾರಿ
ಕ್ಷೇತ್ರದಲ್ಲಿ ಓಡಾಡುವವಳಾಗಿ ಹೇಳುತ್ತೇನೆ, ನನಗೆ ರಾತ್ರಿಯ ವಿಷಯವೇ ಮೊದಲು.

ನಮ್ಮ ಭಾಗದ ಬೇಸಿಗೆ ಎಲ್ಲರಿಗೂ ಗೊತ್ತು. ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುತ್ತಾರೆ. ಮದುವೆಯ ಹಂಗಾಮೂ ಅದೇ. ಅಕ್ಷಯ ತೃತೀಯದ ಆಸುಪಾಸಿನಲ್ಲಿ ಬಾಲ್ಯವಿವಾಹದ ಕರೆಗಳು ಒಂದರ ಮೇಲೊಂದು ಬರುತ್ತವೆ. ಮುಹೂರ್ತ ನಸುಕಿಗಿರುತ್ತದೆ, ಅಥವಾ ನಾವು ಬರುತ್ತೇವೆಂಬ ಸುದ್ದಿ ತಿಳಿದು ನಸುಕಿಗೆ ಸರಿಯುತ್ತದೆ. ಅಂದರೆ ಕಚೇರಿಯ ವೇಳೆ ನಮ್ಮ ಕೆಲಸದ ವೇಳೆಯನ್ನು ಎಲ್ಲಿಯೂ ಮುಟ್ಟುವುದಿಲ್ಲ. ಹಿಂದಿನ ರಾತ್ರಿ ಹನ್ನೊಂದಕ್ಕೆ ಕರೆ ಬಂದರೆ ಪಿ.ಡಿ.ಒ. ಅವರನ್ನು, ಅಂಗನವಾಡಿ ಮೇಲ್ವಿಚಾರಕಿಯನ್ನು, ಠಾಣೆಯನ್ನು ಫೋನಿನಲ್ಲಿ ಎಬ್ಬಿಸಿ, ಸ್ವಂತ ಗಾಡಿಯಲ್ಲಿ ಹೊರಡಬೇಕು. ಮದುವೆ ನಿಲ್ಲಿಸಿ, ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿ, ಹುಡುಗಿಯನ್ನು, ಇಂಥ ಮಕ್ಕಳ ರಕ್ಷಣೆಯ ಬಗ್ಗೆ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಬಂದ ದಿನವೇ ಬೆಳಿಗ್ಗೆ ಎಂಟಕ್ಕೆ ಹಾಜರಿ ಹಾಕಿಲ್ಲವೆಂದು ವಿವರಣೆ ಕೇಳಿದವರಿದ್ದಾರೆ.

ನೂರಾರು ಜನ ನೆರೆದ ಮದುವೆ ಮನೆಯಲ್ಲಿ, ಅಡುಗೆ ಬೇಯುತ್ತಿರುವಾಗ, ಈ ಮದುವೆ ಆಗಕೂಡದು ಎಂದು ಹೇಳುವವರು ನಾವು. ಪೊಲೀಸರು ಹೊರಟ ಮೇಲೂ ಆ ಊರಿಗೆ ಮತ್ತೆ ಮತ್ತೆ ಹೋಗಬೇಕಾದವರೂ ನಾವೇ. ಗಾಡಿಯ ನಂಬರು ಊರಿನವರಿಗೆ ಗೊತ್ತು, ಫೋನ್ ನಂಬರೂ ಗೊತ್ತು. ಒಬ್ಬಳೇ ಹೋಗಬಾರದು ಎಂಬ ಒಂದು ಸಾಲಿನ ಲಿಖಿತ ನಿಯಮ ಸಿಕ್ಕರೆ ಸಂಬಳ ಹೆಚ್ಚಾದಷ್ಟೇ ಸಂತೋಷ ನನಗಾಗುತ್ತದೆ.

ಹತ್ತಿಹೊಲ
ಅಕ್ಕನವರು ಹೇಳಿದ್ದು ಸತ್ಯ. ಬಾಲಕಾರ್ಮಿಕರ ಹಂಗಾಮನ್ನೂ ಇದಕ್ಕೆ ಸೇರಿಸಬೇಕು. ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡುವ) ಕೆಲಸ ಶುರುವಾದರೆ ಮಕ್ಕಳನ್ನು ಬೆಳಗಿನ ಜಾವ ಟಂಟಂ ಗಾಡಿಗಳಲ್ಲಿ ತುಂಬಿಕೊಂಡು ಹೋಗುತ್ತಾರೆ, ಮೆಣಸಿನಕಾಯಿ ಬಿಡಿಸುವಾಗಲೂ ಇದೇ ಕಥೆ. ತಪಾಸಣೆಗೆ ಕಾರ್ಮಿಕ ಇಲಾಖೆಯವರೊಡನೆ ನಮ್ಮವರೂ ಹೋಗುತ್ತಾರೆ. ಇಲಾಖೆಯವರು ಜೀಪಿನಲ್ಲಿ ಹಿಂದಿರುಗುತ್ತಾರೆ. ರಕ್ಷಿಸಿದ ಮಕ್ಕಳನ್ನು ಕೂರಿಸಿಕೊಂಡು ಬರಲು ಗಾಡಿ ಹುಡುಕುವ ಹೊಣೆ ನಮ್ಮ ಮೇಲೆ ಬೀಳುತ್ತದೆ.

ತೀರದ ಮರ
ನಾನು ಹಿಂದೆ ಮಕ್ಕಳ ಕಲ್ಯಾಣ ಸಮಿತಿಯೊಂದರಲ್ಲಿ ಸದಸ್ಯಳಾಗಿದ್ದೆ. ಪೀಠದ ಈ ಕಡೆಯಿಂದ ಕಂಡದ್ದನ್ನು ಹೇಳಿದರೆ ಎಡದಂಡೆ ಅವರ ವಾದಕ್ಕೆ ಬಲ ಬರಬಹುದು.

ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಏಕೆಂದರೆ ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕಾಗಿರುತ್ತದೆ. ಆ ತನಿಖಾ ವರದಿಯೇ ನಮ್ಮ ಕಣ್ಣು. ಮಗುವನ್ನು ಮನೆಗೆ ಕಳುಹಿಸಬಹುದೇ, ಮನೆಯಲ್ಲಿ ಯಾರಿದ್ದಾರೆ, ಕುಡಿತವಿದೆಯೇ, ಅಜ್ಜಿ ಗಟ್ಟಿಯಾಗಿದ್ದಾಳೆಯೇ, ಶಾಲೆ ಎಷ್ಟು ದೂರ, ತಂದೆ ತಾಯಿ ಬೆಂಗಳೂರಿಗೆ ದುಡಿಯಲು ಹೋದರೆ ಮಗು ಎಲ್ಲಿರುತ್ತದೆ ಎಂಬುದನ್ನೆಲ್ಲ ಆ ಕಾಗದದಿಂದ ತಿಳಿಯಬೇಕು.

ಹೊರೆ ಹೆಚ್ಚಾದಾಗ ಬರುತ್ತಿದ್ದ ವರದಿಗಳು ಹೇಗಿರುತ್ತಿದ್ದವು ಎಂದರೆ, ಬೇರೆ ಬೇರೆ ಮಕ್ಕಳ ವರದಿಗಳಲ್ಲಿ ಒಂದೇ ವಾಕ್ಯಗಳು. 'ಕುಟುಂಬದ ಆರ್ಥಿಕ ಸ್ಥಿತಿ ಸಾಧಾರಣ, ನೆರೆಹೊರೆಯವರ ಅಭಿಪ್ರಾಯ ಉತ್ತಮ.' ಮನೆಗೆ ಹೋಗಿದ್ದೀರಾ ಎಂದು ಕೇಳಿದರೆ ಮೌನ. ನಾನು ಅವರನ್ನು ದೂರುತ್ತಿಲ್ಲ. ರಾಯಚೂರಿನಿಂದ ಸಿಂಧನೂರಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು, ಅಲ್ಲಿಂದ ಹಳ್ಳಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಇಂಥ ಕಡೆ ಒಂದು ಮನೆ ಭೇಟಿಗೆ ಒಂದು ಪೂರ್ತಿ ದಿನ ಬೇಕು. ಆದರೆ ಆ ವರದಿಯನ್ನು ನಂಬಿ ಕೊಟ್ಟ ಆದೇಶ ತಪ್ಪಾದರೆ ಅದನ್ನು ಅನುಭವಿಸುವುದು ಮಗು. ಸಂಘವು ಒಬ್ಬ ಕಾರ್ಯಕರ್ತರಿಗೆ ಒಂದೇ ಸಮಯದಲ್ಲಿ ಇಷ್ಟೇ ತೆರೆದ ಪ್ರಕರಣ ಎಂಬ ಮಿತಿಯನ್ನು ಕೇಳಬೇಕು. ಈ ಬೇಡಿಕೆಯನ್ನು ಸ್ವಾರ್ಥ ಎಂದು ಯಾರೂ ತಳ್ಳಿಹಾಕಲಾರರು.

ಬಿಳಿಜೋಳ
ಮೇಡಂ, ಮಿತಿ ಹಾಕಿದರೆ ಉಳಿದ ಪ್ರಕರಣ ನೋಡುವವರು ಯಾರು? ಹೊಸ ಹುದ್ದೆಯನ್ನೂ ಜೊತೆಯಲ್ಲೇ ಕೇಳದೆ ಮಿತಿ ಕೇಳಿದರೆ, ಕೇಳುವವರಿಲ್ಲದ ಮಕ್ಕಳ ಪಟ್ಟಿ ಬೆಳೆಯುತ್ತದೆ. ಯೋಜನೆಯ ಪ್ರಕಾರ ಇಡೀ ಜಿಲ್ಲಾ ಘಟಕಕ್ಕೆ ಕ್ಷೇತ್ರ ಕಾರ್ಯಕರ್ತರು ಇಬ್ಬರು, ಸಮಾಜ ಕಾರ್ಯಕರ್ತರು ಇಬ್ಬರು. ಸಣ್ಣ ಜಿಲ್ಲೆಗೂ ದೊಡ್ಡ ಜಿಲ್ಲೆಗೂ ಅಷ್ಟೇ.

ತೀರದ ಮರ
ಹುದ್ದೆಯನ್ನು ಕೇಳಬೇಕಾದದ್ದು ಅದಕ್ಕೇ. ಮಿತಿ ಇಲ್ಲದಿದ್ದರೆ ಹುದ್ದೆ ಸಾಲದು ಎಂಬುದನ್ನು ಯಾವ ಆಧಾರದಿಂದ ಸಾಬೀತುಪಡಿಸುತ್ತೀರಿ? ಈಗ ಎಲ್ಲ ಪ್ರಕರಣಗಳೂ ಯಾರಾದರೊಬ್ಬರ ಹೆಸರಿನಲ್ಲಿ ಹಂಚಿಕೆಯಾಗಿರುತ್ತವೆ, ಆದ್ದರಿಂದ ಮೇಲಿನವರಿಗೆ ಕೊರತೆಯೇ ಕಾಣುವುದಿಲ್ಲ. ತಾಲ್ಲೂಕಿಗೊಬ್ಬ ಕ್ಷೇತ್ರ ಕಾರ್ಯಕರ್ತರು ಎಂದು ಬರೆಯಿರಿ.

ಹೊಸಪೇಟೆ ರಸ್ತೆ
ಸಮಿತಿಯಲ್ಲಿ ಕುಳಿತವರು ವರದಿ ಸರಿಯಿಲ್ಲ ಎಂದು ನಮ್ಮನ್ನು ಎಲ್ಲರೆದುರು ಗದರಿಸಿದ್ದನ್ನೂ ಇಲ್ಲಿ ದಾಖಲಿಸಬೇಕು. ಮಗು ಮತ್ತು ಅದರ ತಾಯಿ ನೋಡುತ್ತಿರುವಾಗ ಅವಮಾನ ಮಾಡಿದರೆ ಅವರು ಮುಂದೆ ನಮ್ಮನ್ನು ನಂಬುವುದು ಹೇಗೆ? ಮೇಡಂ ಅವರ ಬಗ್ಗೆ ಹೇಳುತ್ತಿಲ್ಲ, ಪದ್ಧತಿಯ ಬಗ್ಗೆ ಹೇಳುತ್ತಿದ್ದೇನೆ.

ತುಂಗೆಯ ಮಡಿಲು
ನಾನು ಆಪ್ತಸಮಾಲೋಚಕಿ. ಪೋಕ್ಸೊ ಪ್ರಕರಣದ ಮಗುವಿನ ಮಾತನ್ನು ದಿನವಿಡೀ ಕೇಳಿ ಮನೆಗೆ ಹೋದ ಮೇಲೆ ನನ್ನ ಮಗಳು ಸುಮ್ಮನೆ ಬಾಗಿಲ ಬಳಿ ನಿಂತರೂ ಎದೆ ಝಲ್ಲೆನ್ನುತ್ತದೆ. ಇದನ್ನು ಯಾರಿಗೆ ಹೇಳಬೇಕು? ಮನೆಯಲ್ಲಿ ಹೇಳುವಂತಿಲ್ಲ, ಗೋಪ್ಯತೆ ಕಾಯಬೇಕು. ನಿಮ್ಹಾನ್ಸ್ ಸಂಸ್ಥೆಯ 'ಸಂವಾದ್' 2020ರಿಂದ ಮಕ್ಕಳ ರಕ್ಷಣಾ ಸಿಬ್ಬಂದಿಗೆ ತರಬೇತಿ ಕೊಡುತ್ತಿದೆ, ಆ ತರಬೇತಿಗಳು ಒಳ್ಳೆಯವು. ಆದರೆ ಮಗುವಿನೊಡನೆ ಹೇಗೆ ಮಾತನಾಡಬೇಕೆಂದು ಕಲಿಯುವುದೇ ಬೇರೆ, ಮಾತನಾಡಿ ಬಂದವಳ ಮನಸ್ಸಿನ ಭಾರ ಇಳಿಸುವುದೇ ಬೇರೆ. ತಿಂಗಳಿಗೊಮ್ಮೆ, ನಮ್ಮ ಮೇಲಧಿಕಾರಿಯಲ್ಲದ ಪರಿಣತರೊಬ್ಬರೊಡನೆ ಕುಳಿತು ಮಾತನಾಡುವ ಅವಕಾಶ ಬೇಕು, ಅದನ್ನು ಕರ್ತವ್ಯದ ವೇಳೆಯಲ್ಲೇ ಎಣಿಸಬೇಕು. ಮೇಲಧಿಕಾರಿಯಲ್ಲದವರು ಎಂಬ ಷರತ್ತನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ದಣಿದಿದ್ದೇನೆ ಎಂದು ಹೇಳಿಕೊಂಡವರ ಗುತ್ತಿಗೆಯನ್ನು ಅದೇ ಅಧಿಕಾರಿ ನವೀಕರಿಸಬೇಕಾಗಿರುತ್ತದೆ.

ಗವಿಮಠದ ದಾರಿ
ತಂಗೀ, ಇದನ್ನು ನೀನು ಬರೆದದ್ದು ಬಹಳ ಒಳ್ಳೆಯದಾಯಿತು. ಸಭೆಯಲ್ಲಿ ಇದನ್ನು ಹೇಳಲು ನಮ್ಮಲ್ಲಿ ಯಾರಿಗೂ ಧೈರ್ಯವಾಗಲಿಲ್ಲ.

ಮಸ್ಕಿಬೆಟ್ಟ
ನಾನು ಶಿಕ್ಷಕ. ಹೊರಗಿನವನಾಗಿ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬೇಡಿಕೆ ಈಡೇರದಿದ್ದರೆ ಸಂಘ ಮುಷ್ಕರ ಮಾಡುತ್ತದೆಯೇ? ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು ಕೆಲವು ಬೇಡಿಕೆಗಳನ್ನು ಪಡೆದುಕೊಂಡದ್ದನ್ನು ನೋಡಿದ್ದೇವೆ. ಆದರೆ ನನ್ನ ಶಾಲೆಯ ಒಂದು ಹೆಣ್ಣುಮಗು ಬಂದು, ಸರ್, ಮನೆಗೆ ಹೋಗಲಾರೆ ಎಂದರೆ, ಆ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದಾಗ ಬರುವವರು ಯಾರು?

ಎಡದಂಡೆ
ಸರ್, ಸರಿಯಾದ ಪ್ರಶ್ನೆ. ಸಹಾಯವಾಣಿ ಮತ್ತು ಬಾಲಮಂದಿರದ ಕೆಲಸ ಒಂದು ಗಂಟೆಯೂ ನಿಲ್ಲಬಾರದು ಎಂಬುದರಲ್ಲಿ ಸಂಘದ ಒಳಗೆ ಭಿನ್ನಾಭಿಪ್ರಾಯವಿಲ್ಲ. ಪೋರ್ಟಲ್‌ನಲ್ಲಿ ಮಾಹಿತಿ ತುಂಬುವುದನ್ನು ನಿಲ್ಲಿಸೋಣ ಎಂಬ ಸಲಹೆ ಬಂದಿತ್ತು. ಪ್ರಾಯೋಜಕತ್ವ ಎಂಬ ಸರ್ಕಾರಿ ನೆರವಿನಲ್ಲಿ ತಿಂಗಳಿಗೆ 4,000 ರೂಪಾಯಿ ಪಡೆಯುವ ಮಕ್ಕಳ ಕಡತಗಳೂ ನಾವು ತುಂಬುವ ಮಾಹಿತಿಯ ಮೇಲೆಯೇ ನಿಂತಿರುವುದರಿಂದ, ಅದೂ ಕೊನೆಗೆ ಬಡ ಮಗುವಿನ ಖಾತೆಗೆ ಪೆಟ್ಟು ಕೊಡುತ್ತದೆ ಎಂದು ನಾನು ವಿರೋಧಿಸಿದೆ.

ಹೊಸಪೇಟೆ ರಸ್ತೆ
ಮುಷ್ಕರ ಬೇಡ, ಅಸಹಕಾರವೂ ಬೇಡ ಎಂದಾದರೆ ಸರ್ಕಾರ ನಮ್ಮ ಪತ್ರವನ್ನು ಏಕೆ ತೆರೆದು ಓದಬೇಕು? ಮಕ್ಕಳ ಮೇಲಿನ ನಮ್ಮ ಪ್ರೀತಿಯನ್ನೇ ಇಷ್ಟು ವರ್ಷ ನಮ್ಮ ಕೈ ಕಟ್ಟುವ ಹಗ್ಗವಾಗಿ ಬಳಸಿಕೊಂಡಿದ್ದಾರೆ.

ತೀರದ ಮರ
ಮಕ್ಕಳಿಗೆ ತೊಂದರೆಯಾಗದ, ಕಾನೂನೇ ಸಮರ್ಥಿಸುವ ಒಂದು ದಾರಿ ಇದೆ. ಮನೆ ಭೇಟಿಯ ಪುರಾವೆಗೆಂದು ಮಗುವಿನ ಜೊತೆ ನಿಂತು ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕೆಂಬ ರೂಢಿ ಹಲವೆಡೆ ಬೆಳೆದಿದೆ. ಆ ಗುಂಪುಗಳಲ್ಲಿ ಯಾರು ಯಾರಿರುತ್ತಾರೋ, ಅಲ್ಲಿಂದ ಫೋಟೊ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಯಾವುದೇ ಸಂವಹನ ಮಾಧ್ಯಮದಲ್ಲೂ ನಿಷೇಧಿಸುತ್ತದೆ. ಉಲ್ಲಂಘನೆಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ನಾಳೆ ಫೋಟೊ ಸೋರಿದರೆ ಮೊದಲು ಸಿಕ್ಕಿಬೀಳುವವರು ಅದನ್ನು ತೆಗೆದ ಕಾರ್ಯಕರ್ತೆ. ಇನ್ನು ಮುಂದೆ ಮಗುವಿನ ಫೋಟೊ ಕಳುಹಿಸುವುದಿಲ್ಲ, ಭೇಟಿಯ ವರದಿಯನ್ನು ಮುಚ್ಚಿದ ಕಡತದಲ್ಲಿ ಕೊಡುತ್ತೇವೆ ಎಂದು ಮೂರೂ ಜಿಲ್ಲೆಗಳವರು ಒಂದೇ ದಿನ ಲಿಖಿತವಾಗಿ ತಿಳಿಸಿ. ಪತ್ರ ಓದುವ ಅಗತ್ಯ ಅವರಿಗೇ ಬರುತ್ತದೆ.

ಸೋನಾಮಸೂರಿ
ಇದನ್ನು ನಾಳೆಯಿಂದಲೇ ಮಾಡಬಹುದು. ಜೊತೆಗೆ ಕಚೇರಿಯಿಂದಲೇ ಫೋನು ಮತ್ತು ಸಿಮ್ ಕೊಡಲಿ. ಆರೋಪಿಯ ಕಡೆಯವರು ನನ್ನ ಗಂಡನ ನಂಬರಿಗೆ ಕರೆ ಮಾಡಿದ್ದಾರೆ.

ಹತ್ತಿಹೊಲ
ಹೊರಗುತ್ತಿಗೆಯವರಿಗೆ ಇ.ಎಸ್.ಐ. (ನೌಕರರ ಆರೋಗ್ಯ ವಿಮೆ), ಭವಿಷ್ಯ ನಿಧಿ ಯಾವುದೂ ಅನ್ವಯವಾಗುವುದಿಲ್ಲವಂತೆ. ಏಜೆನ್ಸಿಯವರು ಹಾಗೇ ಹೇಳಿದರು.

ಕಲ್ಲುಕೋಟೆ
ಅವರ ಮಾತನ್ನು ಹಾಗೇ ಒಪ್ಪಿಕೊಳ್ಳಬೇಡಿ. ಭವಿಷ್ಯ ನಿಧಿಗೆ ವೇತನದ ಮಿತಿ 15,000 ರೂಪಾಯಿ, ಇ.ಎಸ್.ಐ.ಗೆ 21,000. ಇಲ್ಲಿ ಹೇಳಿದ 10,592 ಎರಡರ ಒಳಗೂ ಬರುತ್ತದೆ. ವೇತನ ಚೀಟಿಯನ್ನು ಲಿಖಿತವಾಗಿ ಕೇಳಿ, ಕಡಿತವಾಗಿದ್ದರೆ ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆರೆದು ಹಣ ಜಮಾ ಆಗಿದೆಯೇ ನೋಡಿ. ಚೀಟಿಯಲ್ಲಿ ಕಡಿತವಿದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಅದು ಬೇಡಿಕೆಯ ವಿಷಯವಲ್ಲ, ದೂರಿನ ವಿಷಯ.

ಹೆರಿಗೆ ರಜೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಗುತ್ತಿಗೆಯ ಅವಧಿ ಮುಗಿಯಿತೆಂಬ ಕಾರಣಕ್ಕೆ ಹೆರಿಗೆ ಸೌಲಭ್ಯವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ ಎಂದು ಕವಿತಾ ಯಾದವ್ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ ಉದ್ಯೋಗದ ನಿಮಿತ್ತ ಭೇಟಿ ಕೊಡುವ ಸ್ಥಳವೂ, ಉದ್ಯೋಗದಾತರು ಒದಗಿಸಿದ ವಾಹನದ ಪ್ರಯಾಣವೂ ಕೆಲಸದ ಸ್ಥಳವೇ. ಹಳ್ಳಿಯಲ್ಲಿ, ಠಾಣೆಯಲ್ಲಿ, ಜೀಪಿನಲ್ಲಿ ನಡೆದದ್ದು ಕಚೇರಿಯ ಹೊರಗಿನದು ಎಂದು ಯಾರೂ ಜಾರಿಕೊಳ್ಳಲಾಗದು.

ಬಿಳಿಜೋಳ
ವಕೀಲರೇ, ಇವು ಈಗಾಗಲೇ ಕಾನೂನಿನಲ್ಲಿರುವುದರಿಂದ ಬೇಡಿಕೆ ಪತ್ರದಲ್ಲಿ ಬೇರೆ ಭಾಗವಾಗಿರಲಿ. ಕೇಳುವುದು ಬೇರೆ, ಜಾರಿ ಮಾಡಿ ಎಂದು ನೆನಪಿಸುವುದು ಬೇರೆ. ವೇತನದ ವಿಷಯದಲ್ಲಿ ನನ್ನ ನಿಲುವು ಹಾಗೆಯೇ ಇದೆ. ಆದರೆ ವೇತನ ಹೆಚ್ಚಳಕ್ಕೆ ಕೇಂದ್ರದ ಒಪ್ಪಿಗೆ ಬೇಕು, ಕಾಲ ಹಿಡಿಯುತ್ತದೆ. ರಾತ್ರಿ ಕೆಲಸದ ನಿಯಮಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಭೆಯಲ್ಲಿ ಒಂದು ನಡಾವಳಿ ಸಾಕು. ಆ ಕಾರಣಕ್ಕೆ ಜಿಲ್ಲಾ ಮಟ್ಟದ ಪತ್ರದಲ್ಲಿ ರಾತ್ರಿಯ ವಿಷಯ ಮೊದಲಿರಲಿ, ರಾಜ್ಯಕ್ಕೆ ಹೋಗುವ ಪತ್ರದಲ್ಲಿ ವೇತನ ಮೊದಲಿರಲಿ.

ಗವಿಮಠದ ದಾರಿ
ಜಿಲ್ಲಾ ಪತ್ರಕ್ಕೆ ಈ ಮಾತುಗಳನ್ನು ಬಳಸಿಕೊಳ್ಳಬಹುದು: 'ಸಂಜೆ 7ರಿಂದ ಬೆಳಿಗ್ಗೆ 6ರವರೆಗಿನ ಯಾವುದೇ ಕರೆಗೆ ಇಬ್ಬರು ಸಿಬ್ಬಂದಿ ಒಟ್ಟಿಗೆ ತೆರಳತಕ್ಕದ್ದು, ಅವರಲ್ಲಿ ಒಬ್ಬರು ಮಹಿಳೆಯಾಗಿರತಕ್ಕದ್ದು. ವಾಹನವನ್ನು ಇಲಾಖೆಯೇ ಒದಗಿಸತಕ್ಕದ್ದು. ರಾತ್ರಿ ಕರ್ತವ್ಯದ ಪಾಳಿಯನ್ನು ತಿಂಗಳ ಮೊದಲೇ ಪ್ರಕಟಿಸತಕ್ಕದ್ದು, ರಾತ್ರಿ ತೆರಳಿದವರಿಗೆ ಮರುದಿನ ವೇತನ ಸಹಿತ ರಜೆ ನೀಡತಕ್ಕದ್ದು.' ಕಾನೂನಿನ ಬೆಂಬಲಕ್ಕೆ ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ಕರ್ನಾಟಕ ತಿದ್ದುಪಡಿಯನ್ನೂ ಉಲ್ಲೇಖಿಸಿ. ನಮ್ಮ ರಾಯಚೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ ಬಂದ ತಿದ್ದುಪಡಿ ಅದು, ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎನ್ನುತ್ತದೆ. ಇಷ್ಟು ಗಟ್ಟಿಯಾದ ಕಾಯ್ದೆಯನ್ನು ಜಾರಿ ಮಾಡಲು ಹೋಗುವವಳಿಗೆ ಒಂದು ಗಾಡಿ ಕೇಳುವುದು ಹೆಚ್ಚಲ್ಲ.

ಕಾವಲಿನ ದೀಪ
ಬಾಲಮಂದಿರದ ಗೃಹಮಾತೆಯರನ್ನು ಮರೆತಿದ್ದೀರಿ. ನಾನು ಆ ಕೆಲಸದಲ್ಲಿದ್ದೇನೆ. ನಮಗೆ ರಾತ್ರಿ ಕರೆ ಬರುವುದಿಲ್ಲ, ರಾತ್ರಿಯೇ ನಮ್ಮ ಕೆಲಸ. ಬದಲಿಯವರು ಬಾರದಿದ್ದರೆ ಮುಂದಿನ ಪಾಳಿಯನ್ನೂ ನಾವೇ ಮುಂದುವರಿಸಬೇಕು. ಹೊಸದಾಗಿ ಬಂದ ಮಗು ನಿದ್ದೆಯಲ್ಲಿ ಚೀರಿ ಎದ್ದಾಗ ಪಕ್ಕದಲ್ಲಿ ಕೂರುವವರಿಗೆ ಎಚ್ಚರವಿರಬೇಕಲ್ಲವೇ? ಸತತ ಎರಡು ಪಾಳಿ ಯಾರಿಗೂ ಹಾಕಬಾರದೆಂಬ ಸಾಲನ್ನು ಸೇರಿಸಿ.

ಎಡದಂಡೆ
ಸೇರಿಸುತ್ತೇನೆ ಅಕ್ಕ. ಗವಿಮಠದ ದಾರಿ ಅವರ ಸಾಲುಗಳ ಕೆಳಗೇ ಇದು ಬರಲಿ.

ಹತ್ತಿಹೊಲ
ನಮೂನೆಯಲ್ಲಿ ಹೆಸರು ಬರೆಯಲೇಬೇಕೇ? ನಮ್ಮ ಗುತ್ತಿಗೆ ನವೀಕರಣ ಹತ್ತಿರ ಬಂದಿದೆ. ಹಲವರು ಅದೇ ಭಯಕ್ಕೆ ನಮೂನೆಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದಾರೆ.

ಎಡದಂಡೆ
ಹೆಸರು ಬೇಡ, ಹುದ್ದೆ ಮತ್ತು ಜಿಲ್ಲೆ ಸಾಕು. ಒಂದೇ ಹುದ್ದೆಯಲ್ಲಿ ಒಬ್ಬರೇ ಇರುವ ಕಡೆ ಹುದ್ದೆಯನ್ನೂ ಬಿಟ್ಟುಬಿಡಿ. ನಮೂನೆಗಳನ್ನು ಕಚೇರಿಯ ಟಪಾಲಿನಲ್ಲಿ ಕಳುಹಿಸಬೇಡಿ, ನಿಮ್ಮ ತಾಲ್ಲೂಕಿನ ಸಂಘದ ಪ್ರತಿನಿಧಿಯ ಕೈಗೇ ಕೊಡಿ.